ಗೌತಮನ ಗಂಟಲು

ಮೊನ್ನೆ ಹಲಸೂರು ಮೆಟ್ರೋ ನಿಲ್ದಾಣದ ತಪಾಸಣೆಯಲ್ಲಿ ನನ್ನ ಕೈಚೀಲ ಬಿಚ್ಚಿಸಿದರು. ಕನ್ನಡಕದ ಡಬ್ಬಿ, ಬಿ.ಪಿ. ಮಾತ್ರೆ, ಮಡಿಸಿದ ಕೊಡೆ ಎಲ್ಲ ಹೊರಗೆ ಬಂದಮೇಲೆ ಚೀಲದ ತಳದಿಂದ ಎರಡು ಕಿತ್ತಳೆ ಬಣ್ಣದ ಸ್ಪಂಜಿನ ತುಂಡುಗಳು ಉರುಳಿದವು. ತಪಾಸಣೆಯ ಹುಡುಗಿ ಒಂದನ್ನು ಬೆರಳ ತುದಿಯಲ್ಲಿ ಎತ್ತಿ, "ಇದೇನ್ ಮೇಡಂ?" ಎಂದಳು.

"ಕಿವಿಗೆ ಹಾಕ್ಕೊಳ್ಳೋದಮ್ಮ. ಸದ್ದು ಕೇಳಿಸಬಾರದು ಅಂತ."

"ನಮ್ಮತ್ತೆಗೆ ಕೇಳಿಸೋ ಮಿಷನ್ ಕೊಡಿಸೋಕೆ ನಾವು ಒದ್ದಾಡ್ತಿದೀವಿ. ನೀವ್ ನೋಡಿದ್ರೆ," ಎಂದು ನಕ್ಕು ಅದನ್ನು ಚೀಲಕ್ಕೆ ಹಾಕಿದಳು.

ಆ ತುಂಡುಗಳನ್ನು ಕೊಟ್ಟವನು ಗೌತಮ್. ಅವನ ಬಗ್ಗೆ ಹೇಳುವ ಮೊದಲು ನನ್ನ ಪುಕ್ಕಲುತನದ ಬಗ್ಗೆ ಒಂದೆರಡು ಮಾತು ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದು ನಿಮಗೆ ಅತಿಯಾಯಿತು ಅನ್ನಿಸಬಹುದು.

ನಾನು ಹುಟ್ಟಾ ಹೆದರುಪುಕ್ಕಲಿ. ನನ್ನನ್ನು ಯಾವ ನಾಯಿಯೂ ಕಚ್ಚಿಲ್ಲ, ಯಾವ ಲಿಫ್ಟೂ ನಡುವೆ ನಿಂತಿಲ್ಲ. ಆದರೂ ನಾಯಿ ಕಂಡರೆ ರಸ್ತೆ ದಾಟುತ್ತೇನೆ, ಲಿಫ್ಟ್ ಕಂಡರೆ ಮೆಟ್ಟಿಲು ಹುಡುಕುತ್ತೇನೆ. ಸರ್ಕಾರಿ ಶಾಲೆಯಲ್ಲಿ ನಿವೃತ್ತಿಯವರೆಗೂ ಕನ್ನಡ ಕಲಿಸಿದವಳು ನಾನು. ತರಗತಿಯಲ್ಲಿ ಹುಲಿಯಂತಿದ್ದೆ ಎಂದು ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ. ಹುಲಿ ಸ್ಟಾಫ್ ರೂಮಿಗೆ ಬಂದು ಮುಖ್ಯೋಪಾಧ್ಯಾಯರ ಮುಂದೆ ಕೂತಾಗ ಏನಾಗುತ್ತಿತ್ತು ಎಂಬುದು ಅವರಿಗೆ ಗೊತ್ತಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಹೆದರಿಕೆ ದೊಡ್ಡ ಸದ್ದಿನದು. ವಿಚಿತ್ರವೆಂದರೆ ನಾನು ಹುಟ್ಟಿದ್ದೇ ಸದ್ದಿನ ಮನೆಯಲ್ಲಿ. ಅಪ್ಪ ಶಿವಾಜಿನಗರದ ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಮಹಡಿಯ ಮೇಲಿನ ಕೋಣೆಯಲ್ಲಿ ಇವು ಮೂರನ್ನೂ ಮುಳುಗಿಸುವ ತಾಲೀಮು. ಕೆಂಪು ಕೋಟು, ಅದರ ಭುಜದಲ್ಲಿ ಮಾಸಿದ ಜರಿಯ ಜಾಲರಿ, ಬೆವರು ಮತ್ತು ಬ್ರಾಸೊ ಪಾಲಿಶಿನ ವಾಸನೆ. ದೊಡ್ಡ ಡೋಲಿನ ಮಸ್ತಾನ್ ಚಾಚಾ ಕೋಲೆತ್ತಿದರೆ ಸಾಕು, ನಾನು ಮಂಚದ ಕೆಳಗೆ. ಅಪ್ಪ ಬಗ್ಗಿ ನನ್ನ ಕಿವಿಗೆ ಹತ್ತಿಯ ಉಂಡೆ ತುರುಕಿ, "ಈಗ ಬಾ, ಸದ್ದು ದೂರ ಹೋಯ್ತು," ಅನ್ನುತ್ತಿದ್ದರು. ಸದ್ದು ಅಲ್ಲೇ ಇರುತ್ತಿತ್ತು. ದೂರ ಹೋಗುತ್ತಿದ್ದವಳು ನಾನು.

ಹಾಗಾಗಿ, ನಾನು ಆಗಾಗ ಬರೆಯುವ ಭಾನುವಾರದ ಪುರವಣಿಯ ಸಂಪಾದಕ ಶ್ರೀಪಾದ ಫೋನ್ ಮಾಡಿ, "ಮೇಡಂ, ಒಂದು ಬ್ಯಾಂಡ್ ಬಗ್ಗೆ ಬರೀಬೇಕು, ನಿಮ್ಮ ಏರಿಯಾದವ್ರೇ," ಎಂದಾಗ ನನ್ನ ಕಣ್ಣಿಗೆ ಕಂಡದ್ದು ಕೆಂಪು ಕೋಟು. ಖುಷಿಯಿಂದ ಒಪ್ಪಿಕೊಂಡೆ. ಅದು ರಾಕ್ ಬ್ಯಾಂಡ್, ಹೆಸರು 'ಖಾರಬ್ಯಾಳಿ', ಅದರ ಹಾಡುಗಾರ ಟ್ರಾನ್ಸ್ ವ್ಯಕ್ತಿ ಎಂದೆಲ್ಲ ಆಮೇಲೆ ಹೇಳಿದ. "ಸೆನ್ಸಿಟಿವ್ ವಿಷ್ಯ ಮೇಡಂ. ಅದಕ್ಕೇ ನಿಮಗೆ ಕೊಡ್ತಿರೋದು," ಎಂದ. ಆ ಮಾತು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ.

ನನ್ನ ಹೆದರಿಕೆ ವ್ಯಾಕರಣದಿಂದಲೇ ಶುರುವಾಯಿತು. ನಮ್ಮ ಭಾಷೆಯಲ್ಲಿ ಒಬ್ಬರು ಬಂದರು ಎಂದು ಹೇಳಬೇಕಾದರೂ ಬಂದವರು ಗಂಡೋ ಹೆಣ್ಣೋ ಎಂದು ಕ್ರಿಯಾಪದದ ಬಾಲ ಹೇಳಿಬಿಡುತ್ತದೆ. ಬಂದ, ಬಂದಳು. ಒಂದಕ್ಷರ ತಪ್ಪಿದರೆ ಒಬ್ಬ ಮನುಷ್ಯನ ಬದುಕನ್ನೇ ತಪ್ಪಾಗಿ ಬರೆದಂತೆ. ನಿಘಂಟು ತೆಗೆದು ನೋಡಿದೆ. ಅಲ್ಲಿದ್ದ ಪದಗಳನ್ನು ಯಾರ ಮುಖದೆದುರೂ ಆಡುವಂತಿರಲಿಲ್ಲ. ಕೊನೆಗೆ ಬಹುವಚನದ ನೆರಳಿಗೆ ಹೋಗಿ ನಿಂತೆ. 'ಅವರು ಹಾಡುತ್ತಾರೆ, ಅವರು ಬಂದರು.' ಗೌರವವೂ ಆಯಿತು, ಅಪಾಯವೂ ಇಲ್ಲ.

ತಾಲೀಮು ನಡೆಯುತ್ತಿದ್ದದ್ದು ಕುಕ್ ಟೌನಿನ ಒಂದು ಹಳೆಯ ಬಂಗಲೆಯ ಹಿಂದಿನ ಕಾರ್ ಶೆಡ್ಡಿನಲ್ಲಿ. ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆದಿದ್ದರು. ಬಾಗಿಲು ತೆಗೆದ ಯುವಕ ತೆಳ್ಳಗೆ, ಎತ್ತರವಿದ್ದ. ಚಿಗುರು ಗಡ್ಡ, ತೋಳು ಮಡಿಸಿದ ಕಪ್ಪು ಅಂಗಿ, ಕುತ್ತಿಗೆಗೆ ಉಣ್ಣೆಯ ಮಫ್ಲರು. ನನ್ನ ಮುಖ ನೋಡಿದ್ದೇ, "ಸೌಂಡ್ ಜೋರಿರತ್ತೆ ಮೇಡಂ. ಇದನ್ನ ಹಿಂಡಿ ಕಿವಿಗೆ ಇಟ್ಕೊಳ್ಳಿ," ಎಂದು ಆ ಕಿತ್ತಳೆ ತುಂಡುಗಳನ್ನು ಕೊಟ್ಟ. ಅವನೇ ಗೌತಮ್.

ಅವತ್ತು ಕೇಳಿದ್ದನ್ನು ನಾನು ಸಂಗೀತ ಎಂದು ಒಪ್ಪಿಕೊಳ್ಳಲು ಎರಡು ಹಾಡುಗಳು ಬೇಕಾದವು. ಮೂರನೆಯದರಲ್ಲಿ ಒಂದು ಕಿವಿಯ ತುಂಡು ತೆಗೆದೆ. ಕೆ.ಆರ್. ಪುರಂನ ತೂಗುಸೇತುವೆಯ ಕೆಳಗೆ ಸಿಕ್ಕಿಹಾಕಿಕೊಂಡ ಬಸ್ಸಿನ ಬಗ್ಗೆ ಹಾಡು. ಕೋಪವೂ ಇತ್ತು, ತಮಾಷೆಯೂ ಇತ್ತು. ಆದರೆ ಹಾಡು ಮೇಲಕ್ಕೆ ಏರುವ ಜಾಗ ಬಂದಾಗಲೆಲ್ಲ ಗೌತಮ್ ಬಾಯಿ ಮುಚ್ಚಿಬಿಡುತ್ತಿದ್ದ. ಡ್ರಮ್ಮರು ಅವನ ಮುಖ ನೋಡುತ್ತಿದ್ದ, ಅವನು ನೆಲ ನೋಡುತ್ತಿದ್ದ.

ವಿರಾಮದಲ್ಲಿ ನಾನು ಕೇಳಿದೆ, "ಅವರ ಹಾಡು, ಅಂದ್ರೆ ನಿಮ್ಮ ಹಾಡು, ನೀವು ಯಾವಾಗಿಂದ..."

"ಮೇಡಂ, ಒಂದ್ ಮಾತು ಹೇಳ್ಲಾ?" ಎಂದ. "ಆಗಿಂದ ಗಮನಿಸ್ತಿದೀನಿ. ನಮ್ಮ ಡ್ರಮ್ಮರ್‌ನ ಅವನು, ಬಾ, ಹೋಗು ಅಂತೀರಾ. ಗಿಟಾರಿಸ್ಟ್‌ಗೂ ಅಷ್ಟೆ. ನನಗೆ ಮಾತ್ರ ಅವರು, ಬನ್ನಿ, ಹೋಗಿ. ನಾವ್ ಮೂರು ಜನಾನೂ ಒಂದೇ ವಯಸ್ಸು."

ನನ್ನ ಕಿವಿ ಬಿಸಿಯಾಯಿತು. "ಮರ್ಯಾದೆಗೆ ಅಂತ..."

"ಗೊತ್ತು. ಆದ್ರೆ ನಂಗೆ ಅವನು ಅನ್ನಿಸ್ಕೊಳ್ಳೋಕೆ ಬಹಳ ವರ್ಷ ಬೇಕಾಯ್ತು. ಅದನ್ನ ಮರ್ಯಾದೆ ಕೊಟ್ಟು ಕಿತ್ಕೋಬೇಡಿ."

ನಲವತ್ತು ವರ್ಷ ಕನ್ನಡ ಓದಿ, ಓದಿಸಿದವಳಿಗೆ ಏಕವಚನದ ಬೆಲೆ ಅವತ್ತು ತಿಳಿಯಿತು. ಯಾವ ಪದ ಬಳಸಬೇಕು ಎಂದು ನೇರವಾಗಿ ಅವನನ್ನೇ ಕೇಳಿಬಿಟ್ಟೆ. "ಟ್ರಾನ್ಸ್ ಮ್ಯಾನ್ ಅಂತ ಒಂದು ಕಡೆ ಬರೀರಿ. ಆಮೇಲೆಲ್ಲ ಹಾಡುಗಾರ ಅಂತ ಬರೀರಿ," ಎಂದ. ಸ್ವಲ್ಪ ತಡೆದು, "ಸುಮಧುರ ಅಂತ ಮಾತ್ರ ಬರೀಬೇಡಿ, ಬ್ಯಾಂಡ್ ಮುಚ್ಚಬೇಕಾಗತ್ತೆ," ಎಂದ. ಡ್ರಮ್ಮರು ನಕ್ಕ. ನನ್ನ ಕರಡಿನಲ್ಲಿ ಆ ಪದ ಆಗಲೇ ಇತ್ತು ಎಂದು ನಾನು ಹೇಳಲಿಲ್ಲ.

ಅವನ ಮೊದಲ ಆಲ್ಬಮ್ಮು ಬಂದಾಗ ಅವನ ಧ್ವನಿ ಬೇರೆಯದಾಗಿತ್ತು. ಹಾರ್ಮೋನ್ ಚಿಕಿತ್ಸೆ ಶುರುವಾದ ಮೇಲೆ ಗಂಟಲು ಒಡೆಯಿತು. ಹುಡುಗರಿಗೆ ಹದಿಮೂರು ಹದಿನಾಲ್ಕಕ್ಕೆ ಆಗುವುದು ಅವನಿಗೆ ಇಪ್ಪತ್ತೆಂಟಕ್ಕೆ ಆಯಿತು. ಹಳೆಯ ಎತ್ತರಗಳು ಹೋದವು. ಕೆಳಗೆ ಹೊಸ ಜಾಗ ತೆರೆದುಕೊಂಡಿತು, ಆದರೆ ಅಲ್ಲಿನ ದಾರಿ ಅವನಿಗೆ ಗೊತ್ತಿರಲಿಲ್ಲ. ಎರಡು ವರ್ಷದಿಂದ ಅವನು ವೇದಿಕೆ ಹತ್ತಿರಲಿಲ್ಲ. ಮುಂದಿನ ಭಾನುವಾರ ಇಂದಿರಾನಗರದಲ್ಲಿ ಕಾರ್ಯಕ್ರಮವಿತ್ತು.

"ಹಳೇ ಹಾಡು ಹಾಡಿದ್ದು ಯಾರು ಅಂತ ಬರೀಲಿ?" ಎಂದೆ.

"ನಾನೇ. ಆಗಿನ ಗಂಟಲು ಬೇರೆ. ಮನುಷ್ಯ ಬೇರೆ ಅಲ್ಲ."

"ನಿಮ್ಮ... ನಿನ್ನ ದೇಹದ ಬಗ್ಗೆ ನಾನು ಏನೂ ಕೇಳಲ್ಲಪ್ಪ."

"ಗಂಟಲು ದೇಹ ತಾನೆ ಮೇಡಂ? ಅದರ ಬಗ್ಗೆ ಕೇಳಿ. ಉಳಿದದ್ದು ಬೇಡ," ಎಂದು ಮಫ್ಲರು ಸರಿಮಾಡಿಕೊಂಡ. "ಜನಕ್ಕೆ ಹೆದರಲ್ಲ ನಾನು, ರೂಢಿಯಾಗಿದೆ. ಮೊದಲನೇ ಹಾಡಲ್ಲಿ ಮೇಲೆ ಹೋಗಬೇಕಾದಾಗ ಇದು ಕೈ ಕೊಟ್ರೆ? ಅದೊಂದೇ ಭಯ. ದಿನಾ ಬೆಳಿಗ್ಗೆ ಎದ್ದ ತಕ್ಷಣ ಕೆಮ್ಮಿ ನೋಡ್ತೀನಿ, ಇದೆಯಾ ಅಂತ."

ಇದನ್ನು ಹೇಳುವಾಗ ಅವನ ಕೈ ಗಂಟಲ ಮೇಲಿತ್ತು. ಅಪ್ಪ ಮಳೆಗಾಲದಲ್ಲಿ ಕ್ಲಾರಿಯೊನೆಟ್ಟನ್ನು ಹಾಗೆಯೇ ಅಂಗೈಯಲ್ಲಿ ಸವರಿ ನೋಡುತ್ತಿದ್ದರು, ಮರ ಬಿರುಕು ಬಿಟ್ಟಿದೆಯೇ ಎಂದು.

ಅವನ ತಾಯಿಯನ್ನು ನೋಡಲು ಬೈಯಪ್ಪನಹಳ್ಳಿಗೆ ಹೋದೆ. ಮೆಟ್ರೋ ಡಿಪೋದ ಹಿಂದಿನ ಸಾಲಿನಲ್ಲಿ ಕೆಳಗಿನ ಒಂದು ಕೋಣೆ, ಮೇಲೆ ಮನೆಯೊಡತಿ ಸೆಲ್ವಿಯಮ್ಮ. ತಾಯಿ ನಾಗಮ್ಮ ರಾಯಚೂರಿನ ಕಡೆಯವರು. ಗಂಡ ಗಾರೆ ಕೆಲಸದ ಗೌಂಡಿ, ಈಕೆ ಅವರ ಕೈಕೆಳಗೆ ಇಟ್ಟಿಗೆ ಹೊರುತ್ತಿದ್ದವರು. ಮಗ ಮೂರನೇ ತರಗತಿಯಲ್ಲಿರುವಾಗ ಆತ ಜ್ವರದಲ್ಲಿ ತೀರಿಹೋದರು. ಈಗ ಒಂದು ಕಛೇರಿಯಲ್ಲಿ ನೆಲ ಒರೆಸುವ ಕೆಲಸ. ಆಕೆ ಮಾಡುವ ಖಾರಬ್ಯಾಳಿ, ಅಂದರೆ ಮೂಗು ಸೋರುವಷ್ಟು ಖಾರದ ಬೇಳೆ ಸಾರು, ಬ್ಯಾಂಡಿಗೆ ಹೆಸರಾಗಿತ್ತು. ನನಗೂ ಬಡಿಸಿದರು. ಹೆದರುತ್ತಲೇ ಉಂಡೆ.

"ಮದ್ಲ ಅಕಿ ಅಂತಿದ್ನಿರಿ, ಈಗ ಅಂವ ಅಂತೀನಿ," ಎಂದರು ನಾಗಮ್ಮ. "ನಾಲಿಗಿ ಹೊರಳಾಕ ಒಂದು ವರ್ಷ ಹಿಡೀತು. ತಪ್ಪಿದಾಗೆಲ್ಲ ಅಂವ ಸಿಟ್ಟಾಗತಿದ್ದಿಲ್ಲ. ಸುಮ್ಮ ನೋಡತಿದ್ದ. ಅದು ನೋಡಾಕ ಆಗತಿದ್ದಿಲ್ರಿ ನನಗ."

ನಾನು ಹೊರಡುವಾಗ ಆಕೆ ಬಾಗಿಲನ್ನು ಅರ್ಧ ಮುಚ್ಚಿ ದನಿ ತಗ್ಗಿಸಿದರು. ಮೊದಲು ಅವರು ಕೆ.ಆರ್. ಪುರಂನಲ್ಲಿದ್ದರಂತೆ. ಅಲ್ಲಿ ಮನೆ ಮಾಲೀಕರಿಗೆ ಮಗನ ಹಳೆಯ ಹೆಸರು ಗೊತ್ತಾಗಿ ಬೀದಿಯೆಲ್ಲ ಸೇರಿತು. ಪಾತ್ರೆಗಳನ್ನು ಯಾರೋ ರಸ್ತೆಗೆ ತಂದಿಟ್ಟರು. "ಇಲ್ಲಿ ಎಲ್ಲಾರ್ಗೂ ಅಂವ ನನ್ನ ಮಗ, ಅಷ್ಟ ಗೊತ್ತು. ನೀವು ಏನರ ಬರೀರಿ ಅಕ್ಕಾರ. ಆ ಹೆಸರೊಂದು ಬರೀಬ್ಯಾಡ್ರಿ. ಮತ್ತ ಪಾತ್ರಿ ಎತ್ಕೊಂಡು ಹೋಗು ಶಕ್ತಿ ನನಗಿಲ್ಲ."

ಬರೆಯುವುದಿಲ್ಲ ಎಂದು ಮಾತು ಕೊಟ್ಟೆ. ಹಾಗೆಯೇ ಬರೆದೆ. ಹುಟ್ಟಿದಂದಿನಿಂದ ಇಂದಿನವರೆಗೆ 'ಅವನು' ಎಂದೇ ಬರೆದೆ. ಬೀದಿಯ ಗುರುತು ಬಿಟ್ಟೆ, ತಾಯಿಯ ಕಛೇರಿಯ ಗುರುತು ಬಿಟ್ಟೆ. ಫೋನಿನಲ್ಲಿ ಅವನಿಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಎರಡು ಕಡೆ ತಿದ್ದಿದ. ಎರಡೂ ಗಿಟಾರಿನ ಹೆಸರಿಗೆ ಸಂಬಂಧಪಟ್ಟವು. ಈಗ ನೀವು ಓದುತ್ತಿರುವುದನ್ನೂ ಅವನು ಕೇಳಿಸಿಕೊಂಡಿದ್ದಾನೆ.

ಶುಕ್ರವಾರ ಮಧ್ಯಾಹ್ನ ಊಟವಾಗಿ ಮಲಗಿ ಎದ್ದಾಗ ಶ್ರೀಪಾದನ ಸಂದೇಶ ಬಂದಿತ್ತು. 'ಮೇಡಂ, ವೆಬ್‌ಸೈಟಿನಲ್ಲಿ ಹಾಕಿದ್ದೇವೆ. ತುಂಬಾ ಜನ ಓದ್ತಿದಾರೆ.' ಕೆಳಗೆ ಕೊಂಡಿ. ಒತ್ತಿದೆ. ಮೇಲೆ ದೊಡ್ಡ ಅಕ್ಷರದಲ್ಲಿ, ಹೆಣ್ಣಾಗಿ ಹುಟ್ಟಿ ಗಂಡಾದ ರಾಕ್ ತಾರೆ. ಮೊದಲನೆಯ ಸಾಲಿನಲ್ಲೇ ಆ ಹೆಸರು. ಪಕ್ಕದಲ್ಲಿ ಯಾವುದೋ ಕಾಲೇಜು ಸಮಾರಂಭದ ಹಳೆಯ ಫೋಟೊ, ಉದ್ದ ಜಡೆ, ನೆಲ ನೋಡುವ ಕಣ್ಣು. ನಾನು 'ಶಾಲೆಗೆ ಹೋದ' ಎಂದು ಬರೆದಲ್ಲೆಲ್ಲ 'ಹೋದಳು' ಎಂದಿತ್ತು. 'ಹಾಡಿದ' ಎಂಬುದು 'ಹಾಡಿದಳು' ಆಗಿತ್ತು. ಎಲ್ಲದರ ಮೇಲೆ ನನ್ನ ಹೆಸರು.

ಶ್ರೀಪಾದನಿಗೆ ಕರೆ ಮಾಡಿದರೆ ಎತ್ತಲಿಲ್ಲ. ಸೀರೆ ಬದಲಾಯಿಸದೆ, ಮನೆಯಲ್ಲಿ ಉಟ್ಟಿದ್ದರಲ್ಲೇ ಆಟೊ ಹತ್ತಿದೆ. ಶಿವಾಜಿನಗರದ ಹತ್ತಿರ ಅವರ ಕಛೇರಿ, ನಾಲ್ಕನೆಯ ಮಹಡಿ. ಲಿಫ್ಟಿನಲ್ಲೇ ಹೋದೆ. ಹೆದರಿಕೆಗೂ ಒಂದು ಸರದಿ ಇರುತ್ತದೆ ಎಂದು ಕಾಣುತ್ತದೆ. ದೊಡ್ಡದು ಬಂದಾಗ ಸಣ್ಣದು ಪಕ್ಕಕ್ಕೆ ನಿಲ್ಲುತ್ತದೆ.

ಶ್ರೀಪಾದ ಕೆಟ್ಟವನಲ್ಲ. ಎದ್ದು ನಿಂತು ಕುರ್ಚಿ ಕೊಟ್ಟ, ನೀರು ತರಿಸಿದ. "ಮೇಡಂ, ನೀವ್ ಮೂಲ ಹೆಸರೇ ಹಾಕಿರ್ಲಿಲ್ಲ. ಓದೋರಿಗೆ ಕನ್‌ಫ್ಯೂಸ್ ಆಗತ್ತೆ ಅಂತ ನಾವೇ ಹುಡುಕಿ ಹಾಕಿದ್ವಿ. ಸುಳ್ಳೇನಿಲ್ವಲ್ಲ? ಆ್ಯಕ್ಯುರೇಟ್ ಆಗಿರಬೇಕು ತಾನೆ?"

ನನಗೆ ವಾದ ಮಾಡಲು ಬರುವುದಿಲ್ಲ. "ಆ ಹೆಸರಿನವರು ಯಾರನ್ನೂ ನಾನು ಭೇಟಿ ಮಾಡಿಲ್ಲ ಶ್ರೀಪಾದ," ಎಂದೆ. "ನಾನು ಮಾತಾಡಿಸಿದ್ದು ಗೌತಮ್‌ನ. ಮಾತಾಡಿಸದೇ ಇರೋರ ಹೆಸರು ನನ್ನ ಲೇಖನದಲ್ಲಿ ಬೇಡ."

"ಅದು ಒಂದು ಪಾಯಿಂಟ್ ಮೇಡಂ, ಆದ್ರೆ..."

"ಅವರ ಮನೆ ಹೋಗತ್ತಪ್ಪ. ಪಾತ್ರೆ ರಸ್ತೆಗೆ ಬರತ್ತೆ. ತೆಗಿ. ನೀನು ತೆಗೆಯೋವರೆಗೂ ನಾನು ಇಲ್ಲೇ ಕೂತಿರ್ತೀನಿ."

ನನ್ನ ದನಿ ಜೋರಾಗಿರಲಿಲ್ಲ, ಆದರೆ ಅಕ್ಕಪಕ್ಕದ ಮೇಜಿನವರು ತಿರುಗಿದರು. ಶ್ರೀಪಾದ ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಕೂತು ಒಂದೊಂದಾಗಿ ತೆಗೆಯತೊಡಗಿದ. ನಾನು ಹಿಂದೆ ನಿಂತು ತೋರಿಸಿದೆ. ಇಲ್ಲಿ 'ಳು' ಇದೆ, ಇಲ್ಲಿ ಇನ್ನೊಂದು 'ಳು' ಇದೆ. ಎಷ್ಟೋ ವರ್ಷ ಮಕ್ಕಳ ಕಾಪಿ ತಿದ್ದಿದವಳು ನಾನು. ಅಷ್ಟು ಭಯದಿಂದ ಯಾವತ್ತೂ ತಿದ್ದಿರಲಿಲ್ಲ. ಮುದ್ರಣಕ್ಕೆ ಇನ್ನೂ ಹೋಗಿರಲಿಲ್ಲ. ಆದರೆ ವೆಬ್‌ಸೈಟಿನಲ್ಲಿ ಮಧ್ಯಾಹ್ನದಿಂದ ಇತ್ತು. "ಇದನ್ನ ಯಾರಾದ್ರೂ ಫೋಟೊ ತೆಗೆದು ಕಳಿಸಿದ್ರೆ ನನ್ನ ಕೈಲಿಲ್ಲ ಮೇಡಂ," ಎಂದು ಶ್ರೀಪಾದ ಮೆಲ್ಲಗೆ ಹೇಳಿದ.

ಗೌತಮನಿಗೆ ನಾನೇ ಫೋನ್ ಮಾಡಿದೆ. ಆಗಲೇ ನೋಡಿದ್ದ.

"ತೆಗೆಸಿದೀನಿ ಕಣಪ್ಪ. ನಾನು ಬರೆದದ್ದು ಹಾಗಿರ್ಲಿಲ್ಲ, ನಿಂಗೆ ಗೊತ್ತು," ಎಂದೆ.

"ಗೊತ್ತು ಮೇಡಂ," ಎಂದ. "ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಹೇಳಲ್ಲ. ಈಗ ಇದೆ. ನಾಳೆ ನೋಡೋಣ. ಅಮ್ಮಂಗೆ ನಾನೇ ಹೇಳ್ತೀನಿ."

ಶನಿವಾರ ಬೆಳಿಗ್ಗೆ ಬೈಯಪ್ಪನಹಳ್ಳಿಗೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ. ಪಾತ್ರೆ ಹೊರಗಿದ್ದರೆ ಹಿಡಿದುಕೊಳ್ಳಲು ಇನ್ನೆರಡು ಕೈ ಇರಲಿ ಎಂದಿರಬೇಕು. ಗೌತಮ್ ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದ. ನಾಗಮ್ಮ ಕೆಲಸಕ್ಕೆ ಹೋಗಿರಲಿಲ್ಲ. ನನಗೆ ಚಹಾ ಕೊಟ್ಟರು. ಮೇಲಿನ ಮನೆಯಲ್ಲಿ ಯಾರೋ ಓಡಾಡುವ ಸದ್ದು ಬಂದರೆ ಮೂವರೂ ಸೂರು ನೋಡುತ್ತಿದ್ದೆವು. ನಲ್ಲಿ ಬಿಟ್ಟ ಸದ್ದು, ಕುರ್ಚಿ ಎಳೆದ ಸದ್ದು. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿ.

ಸೆಲ್ವಿಯಮ್ಮ ಬಾಗಿಲಲ್ಲಿ ನಿಂತರು. ದಪ್ಪ ಹೆಂಗಸು, ಏದುಸಿರು ಬಿಡುತ್ತಿದ್ದರು. ಕೈಯಲ್ಲಿ ಫೋನು.

"ನಾಗಮ್ಮ, ಇದು ನಿಮ್ ಗೌತಮ್ ತಾನೆ?"

"ಹೌದ್ರಿ. ನನ್ನ ಮಗ," ಎಂದರು ನಾಗಮ್ಮ. ಎದ್ದು ನಿಂತಿದ್ದರು.

ಸೆಲ್ವಿಯಮ್ಮ ಫೋನ್ ನೋಡಿದರು, ಗೌತಮನ ಮುಖ ನೋಡಿದರು. "ನನಗೇನೋ ಡೌಟ್ ಇತ್ತು. ನನ್ಗೆ ಯಾಕೆ ಬೇಕು ಅಂತ ಸುಮ್ನಿದ್ದೆ," ಎಂದರು. "ಈಗ ಬೀದಿಗೆಲ್ಲ ಫೋನಲ್ಲಿ ಬಂದ್ಬಿಟ್ಟಿದೆ. ಮನೆ ಕೊಟ್ಟಿರೋಳು ನಾನು. ಜನ ಬಂದು ನನ್ನ ಕೇಳ್ತಾರಲ್ಲ, ನಾನ್ ಏನ್ ಹೇಳ್ಲಿ? ನಂಗೂ ಭಯ ಆಗತ್ತಮ್ಮ."

"ನೀವು ಏನೂ ಹೇಳಬ್ಯಾಡ್ರಿ," ಎಂದರು ನಾಗಮ್ಮ. "ಕೇಳಾಕ ಬಂದವ್ರನ್ನ ನನ್ನ ಕಡೆ ಕಳಸ್ರಿ."

ಬಂದದ್ದು ಒಬ್ಬನೇ. ಮಧ್ಯಾಹ್ನದ ಹೊತ್ತಿಗೆ, ಎದುರು ಬೀದಿಯ ಹಾರ್ಡ್‌ವೇರ್ ಅಂಗಡಿಯವನು. ಸೆಲ್ವಿಯಮ್ಮ ಮೆಟ್ಟಿಲ ಮೇಲಿಂದಲೇ ಅವನಿಗೆ ಕೆಳಗಿನ ಬಾಗಿಲು ತೋರಿಸಿದರು. ಗೌತಮ್ ಏಳಹೋದ. ನಾಗಮ್ಮ ಅವನ ಭುಜ ಒತ್ತಿ ಕೂರಿಸಿ ತಾವೇ ಹೊಸ್ತಿಲಿಗೆ ಹೋದರು.

"ಅಲ್ಲಮ್ಮ, ಇದು ನಿಮ್ ಮಗಳಾ?" ಎಂದ ಅವನು, ಫೋನು ಮುಂದೆ ಹಿಡಿದು.

"ಮಗ. ಹೆಸರು ಗೌತಮ. ಮತ್ತೇನು ಕೇಳೂದದರಿ?"

"ಬೀದಿಲಿ ಮಕ್ಳಿರ್ತಾರೆ, ಅದಕ್ಕೆ..."

"ನನಗೂ ಒಬ್ಬ ಮಗ ಇದ್ದಾನ್ರಿ. ಅವನ ಸಲುವಾಗಿ ನಾನೂ ಅಂಜತೀನಿ. ನಿಮ್ಮನ್ನ ನೋಡಿ ಈಗ ಅಂಜೀನಿ, ನೋಡ್ರಿ," ಎಂದು ಕೈ ಮುಂದೆ ಚಾಚಿದರು. ಆ ಕೈ ನಡುಗುತ್ತಿತ್ತು. ಅವನು ಅದನ್ನು ನೋಡಿದ. "ನೋಡೋಣ ಬಿಡಿ," ಎಂದು ಹೊರಟುಹೋದ.

ಮೇಲಿನಿಂದ ಸೆಲ್ವಿಯಮ್ಮ, "ಸದ್ಯಕ್ಕೆ ಇರಿ ನಾಗಮ್ಮ," ಎಂದರು. ಆ 'ಸದ್ಯಕ್ಕೆ' ಎಂಬ ಪದವನ್ನು ನಾಗಮ್ಮ ಅವತ್ತು ಎಷ್ಟು ಸಲ ತಮ್ಮಷ್ಟಕ್ಕೆ ಹೇಳಿಕೊಂಡರೋ. ಅವರು ಇವತ್ತಿಗೂ ಅಲ್ಲೇ ಇದ್ದಾರೆ. ಹಾರ್ಡ್‌ವೇರ್ ಅಂಗಡಿಯವನು ಇವತ್ತಿಗೂ ಮಾತಾಡಿಸುವುದಿಲ್ಲ, ಹಾಲಿನಂಗಡಿಯಲ್ಲಿ ಕೆಲವರು ಪಕ್ಕಕ್ಕೆ ಸರಿಯುತ್ತಾರೆ. ಬಾಗಿಲು ಬಡಿದರೆ ನಾಗಮ್ಮ ತೆರೆಯುವ ಮೊದಲು ಒಂದು ಕ್ಷಣ ನಿಲ್ಲುತ್ತಾರೆ.

ಭಾನುವಾರ ಪುರವಣಿಯಲ್ಲಿ ನಾನು ಬರೆದಂತೆಯೇ ಬಂತು. ಅದನ್ನು ಓದುವ ಧೈರ್ಯ ನನಗಾಗಲಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಕಾರ್ಯಕ್ರಮ, ಇಂದಿರಾನಗರದ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ. ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ನಾಗಮ್ಮ ಮಗನ ಹಾಡನ್ನು ವೇದಿಕೆಯ ಮೇಲೆ ಯಾವತ್ತೂ ಕೇಳಿರಲಿಲ್ಲ. ಮನೆಯಲ್ಲಂತೂ ಅವನು ಹಾಡುತ್ತಲೇ ಇರಲಿಲ್ಲ, ಮೇಲಿನವರಿಗೆ ಕೇಳಿಸೀತು ಎಂದು. ನಾನೇ ಅವರನ್ನು ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ, ಬಾಗಿಲಿಗೆ ಹತ್ತಿರ ಕೂರಿಸಿದೆ. ಜನ ತುಂಬಿದ್ದರು. ಹಾಡು ಕೇಳಲು ಬಂದವರೆಷ್ಟು, ಫೋನಿನಲ್ಲಿ ನೋಡಿದ್ದನ್ನು ಕಣ್ಣಾರೆ ನೋಡಲು ಬಂದವರೆಷ್ಟು, ಹೇಳುವುದು ಕಷ್ಟ. ಪ್ರತಿ ಸಲ ಬಾಗಿಲು ತೆರೆದಾಗಲೂ ನಾವಿಬ್ಬರೂ ತಿರುಗುತ್ತಿದ್ದೆವು.

ಗೌತಮ್ ಮಫ್ಲರು ತೆಗೆದು ಮೈಕಿನ ಮುಂದೆ ಬಂದ. ಬಸ್ಸಿನ ಹಾಡು. ಮೊದಲ ಎರಡು ಚರಣ ನೆಲಕ್ಕಂಟಿದ ಹಾಗೆ ಗಟ್ಟಿಯಾಗಿ ನಡೆದವು. ಹಾಡು ಏರುವ ಜಾಗ ಬಂತು. ಈ ಸಲ ಅವನು ಬಾಯಿ ಮುಚ್ಚಲಿಲ್ಲ. ಏರಿದ. ಗಂಟಲು ನಡುವೆ ಎರಡಾಗಿ ಸೀಳಿ, ಸಣ್ಣದೊಂದು ಕೀರಲು ಹೊರಬಂದು, ನಿಂತೇಹೋಯಿತು.

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಡ್ರಮ್ಮು ನಿಂತಿತು. ನಾನು ಕಣ್ಣು ಮುಚ್ಚಿದೆ.

"ಹೊಸಾ ಗಂಟಲು," ಎಂದಿತು ಮೈಕಿನಲ್ಲಿ ಗೌತಮನ ದನಿ. "ಸ್ವಲ್ಪ ತಡ್ಕೊಳ್ಳಿ."

ಕಣ್ಣು ತೆರೆದಾಗ ಅವನು ಗಿಟಾರಿನವನ ಕಡೆ ತಿರುಗಿ ಬೆರಳಿನಿಂದ ಕೆಳಗೆ, ಇನ್ನೂ ಕೆಳಗೆ ಎಂದು ತೋರಿಸುತ್ತಿದ್ದ. ನೀರು ಕುಡಿದ. ಶುರುವಿನಿಂದ ಶುರುಮಾಡಿದರು. ಹಾಡು ಕತ್ತಲಾದಂತೆ ತಗ್ಗಿತ್ತು. ಅದೇ ಜಾಗ ಮತ್ತೆ ಬಂದಾಗ ಅವನು ಅದನ್ನು ಹಾಡಲಿಲ್ಲ. ತಲೆ ಹಿಂದಕ್ಕೆ ಚೆಲ್ಲಿ ಕೂಗಿದ. ದೊಡ್ಡ, ಒರಟು, ಬಿಚ್ಚುಗಂಟಲಿನ ಕೂಗು. ಗೋಡೆಗೆ ಹೋಗಿ ತಾಗಿ ಬಂತು. ಕಿಸಕ್ಕೆಂದವರು ಎದ್ದು ನಿಂತಿದ್ದರು. ನಾಗಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು. ಎಷ್ಟು ಬಿಗಿಯಾಗಿ ಎಂದರೆ ನನ್ನ ಬಳೆ ಒಳಗೆ ಒತ್ತಿತು. ಮೂರ್ತಿಯಂತೆ ಕೂತಿದ್ದರು, ಕಣ್ಣು ವೇದಿಕೆಯ ಮೇಲಿರಲಿಲ್ಲ. ಆಮೇಲಿನ ಹಾಡುಗಳಲ್ಲೂ ಕೈ ಬಿಡಲಿಲ್ಲ.

ಮುಗಿದ ಮೇಲೆ ಜನರ ನಡುವಿನಿಂದ ಗೌತಮ್ ಮೆಟ್ಟಿಲ ತಲೆಗೆ ಬಂದ. ಅಂಗಿ ಬೆವರಿನಲ್ಲಿ ಅಂಟಿಕೊಂಡಿತ್ತು. ನನ್ನನ್ನು ನೋಡಿ ಒಂದು ಸಲ ತಲೆಯಾಡಿಸಿದ. ಸಿಟ್ಟು ಪೂರ್ತಿ ಹೋಗಿರಲಿಲ್ಲ, ಕಡಿಮೆಯಾಗಿತ್ತು. ತಾಯಿಯ ಕಡೆ ತಿರುಗಿ, "ಹೆಂಗಿತ್ತವ್ವಾ?" ಎಂದ.

"ಅಂಜಿಕಿ ಬಂತು," ಎಂದರು ನಾಗಮ್ಮ.

"ಸೌಂಡಿಗಾ?"

"ಸೌಂಡಿಗಲ್ಲ. ನೀ ಮಾತಾಡುವಾಗ ಗೊತ್ತಾಗಿದ್ದಿಲ್ಲ. ಕೂಗಿದಿ ನೋಡು, ಆವಾಗ ನಿಮ್ಮಪ್ಪನ ದನಿ ಬಂತು. ಮೂರ್ನೇ ಮಾಳಿಗಿಯಿಂದ ಹಂಗಾ ಕೂಗತಿದ್ರು. ನಾ ಕೆಳಗ ಇಟ್ಟಂಗಿ ಹೊರತಿದ್ನಿ."

ಅಪ್ಪನ ಮುಖ ಗೌತಮನಿಗೆ ಮಸುಕಾಗಿ ನೆನಪಿತ್ತಂತೆ, ದನಿ ನೆನಪಿರಲಿಲ್ಲ. "ಏನಂತ ಕೂಗತಿದ್ದ?" ಎಂದು ಕೇಳಿದ.

"ಮತ್ತೇನು. ನಾಗೀ, ನೀರ ತಾ, ಅಂತ." ನಾಚಿಕೆಯಾಗಿ ಆಕೆ ಸೆರಗು ಎಳೆದುಕೊಂಡು ಮೆಟ್ಟಿಲಿಳಿಯತೊಡಗಿದರು. ನಾನು ಕಂಬಿ ಹಿಡಿದು ಹಿಂದೆ ಇಳಿದೆ.

ನಾವು ಕೆಳಗೆ ರಸ್ತೆಗೆ ಕಾಲಿಡುವುದಕ್ಕೂ ಮೇಲಿನಿಂದ ಆ ಕೂಗು ಬರುವುದಕ್ಕೂ ಸರಿಹೋಯಿತು. "ನಾಗೀ, ನೀರ ತಾ."

ಹೋಗುತ್ತಿದ್ದವರು ನಿಂತು ತಲೆಯೆತ್ತಿ ನೋಡಿದರು. ನಾಗಮ್ಮ ನೋಡಲಿಲ್ಲ. ಕಾಲು ಅಲ್ಲೇ ನಿಂತಿತು, ಕೈ ತಾನಾಗಿ ಸೊಂಟದ ಕಡೆ, ಕೊಡವಿರುವ ಜಾಗಕ್ಕೆ ಹೋಯಿತು. ಮಗನಿಗೆ ಆಕೆ ಎಂದೂ 'ರೀ' ಹಚ್ಚಿ ಮಾತಾಡಿದವರಲ್ಲ.

"ಬಂದೆರೀ," ಎಂದರು. "ತಡೀರಿ."